ಸೋಮವಾರ ರಜೆ ಹಾಕುವ ಉಪಗ್ರಹ

"ಮುಚ್ಚಪ್ಪಾ ತೂಬು! ಮೂರಾಗೋಕೆ ಇನ್ನೆರಡೇ ನಿಮಿಷ!"

ಮೀನು ಕಾರ್ಖಾನೆಯ ಮ್ಯಾನೇಜರ್ ಹಿಂಬದಿಯ ಕಟ್ಟೆಯ ಮೇಲಿಂದ ಕೂಗಿದ. ಕೆಳಗೆ ತೂಬಿನಜ್ಜ ಏದುಸಿರು ಬಿಡುತ್ತ ಚಕ್ರ ತಿರುಗಿಸಿದ. ಮೀನು ತೊಳೆದ ಕಂದು ನೀರು, ನೆತ್ತರು, ಜಿಡ್ಡು, ಕರುಳು ಎಲ್ಲವೂ ಸಮುದ್ರದ ದಾರಿ ಬಿಟ್ಟು ತೊಟ್ಟಿಗೆ ತಿರುಗಿದವು. ಇಬ್ಬರೂ ತಲೆಯೆತ್ತಿ ಆಕಾಶ ನೋಡಿದರು. ಕಾಗೆಯೊಂದು ಹಾರಿಹೋಯಿತು.

"ಸಾರ್, ಈ ಉಪಗ್ರಹಕ್ಕೆ ಮೂಗಿಲ್ವಾ?" ಅಜ್ಜ ಕೇಳಿದ.

"ಬರೀ ಕಣ್ಣು. ದೇವರು ದೊಡ್ಡವನು."

ಪರಿಸರ ಇಲಾಖೆ ಕಡಲ ಕೊಳೆಯನ್ನು ಮೇಲಿನಿಂದಲೇ ಚಿತ್ರ ತೆಗೆದು ಹಿಡಿಯುತ್ತದೆಂದು ಗೊತ್ತಾದ ದಿನ ಮ್ಯಾನೇಜರನ ಎದೆ ಧಸಕ್ಕೆಂದಿತ್ತು. ಪರವಾನಗಿ ಹೋದರೆ ಕಾರ್ಖಾನೆಗೆ ಬೀಗ. ಬೀಗಕ್ಕೂ ಮುಂಚೆ ಅವನ ಕುರ್ಚಿ. ಆಗ ಕೈ ಹಿಡಿದವಳು ಹೆಂಡತಿ. ಅವಳ ತಮ್ಮ ಆ ಚಿತ್ರಗಳ ಕಚೇರಿಯಲ್ಲೇ ಗುಮಾಸ್ತ. ಉಪಗ್ರಹ ತಲೆಯ ಮೇಲೆ ಹಾಯುವ ವೇಳೆಯ ಪಟ್ಟಿ ತಿಂಗಳು ತಿಂಗಳು ಊಟದ ಡಬ್ಬಿಯ ಜೊತೆ ಬರತೊಡಗಿತು.

"ಅವನಿಗೆ ಮಾತ್ರ ಫೋನ್ ಮಾಡ್ಬೇಡಿ," ಎಂದಿದ್ದಳು. "ಪಾಪ, ಕೆಲಸಕ್ಕೇ ಸಂಚಕಾರ."

ದಿನಾ ಮೂರರಿಂದ ಐದು. ಸೋಮವಾರ ಇಲ್ಲ. ಸರ್ಕಾರದ ಉಪಗ್ರಹ, ವಾರಕ್ಕೊಂದು ರಜೆ ಬೇಡವೇ ಎಂದು ಮ್ಯಾನೇಜರ್ ತಲೆದೂಗಿದ. ಮಾರ್ಚ್ ಇಡೀ ಅದರ ಸುಳಿವೇ ಇರಲಿಲ್ಲ. ಬೇಸಿಗೆ ಬಂದದ್ದೇ ತಡ, ಬೆಳಗ್ಗೆಯೂ ಎರಡು ತಾಸು ಹೆಚ್ಚಿಗೆ ಸುತ್ತತೊಡಗಿತು. ಮಾರ್ಚ್‌ನಲ್ಲಿ ಚಾರ್ಜಿಗೆ ಹಾಕಿದ್ದರೇನೋ ಎಂದು ಅವನೇ ಸಮಾಧಾನ ಮಾಡಿಕೊಂಡ. ಉಳಿದ ಹೊತ್ತಿನಲ್ಲಿ ಕೊಳೆ ನಿರಾತಂಕವಾಗಿ ದೊಡ್ಡ ಬಂಡೆಯನ್ನು ಬಳಸಿ ಆಚೆಯ ಮರಳದಂಡೆಯತ್ತ ಹೋಗುತ್ತಿತ್ತು. ಬಂಡೆಯಾಚೆಯದು ಕಾರ್ಖಾನೆಯಿಂದ ಕಾಣುವುದಿಲ್ಲ. ಕಾಣದ್ದರ ಉಸಾಬರಿ ಅವನಿಗೂ ಬೇಕಿರಲಿಲ್ಲ.

ಮನೆಯಲ್ಲಿ ಅವನದು ಒಂದೇ ಕಟ್ಟಪ್ಪಣೆ: ಹದಿಮೂರರ ಮಗಳು ಸಮುದ್ರಕ್ಕೆ ಕಾಲಿಡಕೂಡದು. "ಆ ನೀರಲ್ಲಿ ಏನೇನಿರುತ್ತೋ!" ಏನೇನಿರುತ್ತದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಊರಲ್ಲೇ ಇರಲಿಲ್ಲ. ಜೀವಕ್ಕಿಂತ ಹೆಚ್ಚಾದ ಒಬ್ಬಳೇ ಮಗಳು. ಎರಡು ದಿನ ಅತ್ತಳು, ಆಮೇಲೆ ಸುಮ್ಮನಾಗಿ ಟ್ಯೂಷನ್ನಿಗೆ ಸೇರಿಕೊಂಡಳು. ಸಂಜೆ ಬಂದವಳೇ ಎರಡು ತಟ್ಟೆ ಊಟ ಬಾರಿಸುತ್ತಿದ್ದಳು. ಗಣಿತಕ್ಕೆ ಇಷ್ಟು ಹಸಿವಾಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅಂದು ಮೂರೂವರೆಗೆ ಪರಿಸರ ಇಲಾಖೆಯ ಅಧಿಕಾರಿ ಜೀಪಿನಿಂದಿಳಿದ. ಮೇಜಿನ ಮೇಲೆ ಆರು ಚಿತ್ರ ಹರಡಿದ. ಆರರಲ್ಲೂ ಕಾರ್ಖಾನೆಯ ಬೆನ್ನಿನಿಂದ ನೀಲಿ ನೀರಿಗೆ ಚಾಚಿದ ಕಂದು ಬಾಲ.

"ಹೇಗೆ ಸಾಧ್ಯ? ಉಪಗ್ರಹ ಬರೋದು ಮೂರಕ್ಕಲ್ವಾ?" ಮ್ಯಾನೇಜರ್ ಬಾಯಿ ತಪ್ಪಿ ಕೇಳಿಬಿಟ್ಟ.

"ಯಾರ್ರೀ ಹೇಳಿದ್ದು? ಐದು ದಿನಕ್ಕೊಂದ್ಸಲ, ಬೆಳಗ್ಗೆ ಹತ್ತೂವರೆಗೆ. ಮೂರು ಗಂಟೆಗೆ ಅದು ಯಾವ ದೇಶದ ಮೇಲಿರುತ್ತೋ!" ಅಧಿಕಾರಿ ಎದ್ದ. "ನಾಳೆ ಮತ್ತೆ ಬರುತ್ತೆ. ನಾಳೆಯ ಚಿತ್ರದಲ್ಲೂ ಈ ಬಾಲ ಕಂಡ್ರೆ ಪರವಾನಗಿ ರದ್ದು."

ಜೀಪಿನ ಧೂಳು ಅಡಗುವ ಮೊದಲೇ ಮ್ಯಾನೇಜರ್ ಹಿಂಬದಿಗೆ ಓಡಿದ. ಎರಡೂ ತೊಟ್ಟಿ ಕಂಠಮಟ್ಟ ತುಂಬಿದ್ದವು. ಈಗಲೇ ಖಾಲಿ ಮಾಡಿದರೆ ಬೆಳಗಾಗುವಷ್ಟರಲ್ಲಿ ಅಲೆ ತೊಳೆದುಬಿಡುತ್ತದೆ. ನಾಳೆಯಿಡೀ ತೂಬು ಮುಚ್ಚಿಡಬಹುದು. ಗಡಿಯಾರದಲ್ಲಿ ನಾಲ್ಕು ಹೊಡೆಯಿತು.

"ತೆಗಿ! ಎರಡೂ ತೊಟ್ಟಿ ಪೂರ್ತಿ ತೆಗಿ!"

"ಸಾರ್, ಪಟ್ಟೀಲಿ ಐದರವರೆಗೆ..."

"ಪಟ್ಟಿಗಿಷ್ಟು ಬೆಂಕಿ ಹಾಕು!"

ಕೊಳೆ ಭೋರ್ಗರೆದು ನುಗ್ಗಿ ಬಂಡೆಯ ಮರೆಗೆ ಹೋಯಿತು. ಮ್ಯಾನೇಜರನ ಎದೆ ಹಗುರಾಯಿತು. ಕುರ್ಚಿ ಉಳಿಯಿತು. ಇನ್ನು ಉಳಿದದ್ದು ಭಾವಮೈದುನನ ವಿಚಾರಣೆ. ಹೆಂಡತಿಗೆ ಫೋನ್ ಹಚ್ಚಿದ.

"ನಿನ್ನ ತಮ್ಮ ನನ್ನ ಕಿವಿಗೆ ಹೂ ಇಟ್ಟಿದ್ದಾನೆ ಕಣೇ! ಈ ಹೊತ್ತಲ್ಲಿ ಯಾವ ಉಪಗ್ರಹಾನೂ ಬರಲ್ವಂತೆ. ಬಿಡು, ಎರಡೂ ತೊಟ್ಟಿ ಕಡಲಿಗೆ ಬಿಡಿಸಿ ಹತ್ತು ನಿಮಿಷ ಆಯ್ತು."

ಆ ಕಡೆ ಏನೋ ಕೈಜಾರಿ ಬಿದ್ದ ಸದ್ದಾಯಿತು.

"ಪಟ್ಟಿ ಬರೆದದ್ದು ನಾನು ರೀ," ಹೆಂಡತಿ ಚೀರಿದಳು. "ಅದು ನಮ್ಮ ಮಗಳು ಬಂಡೆಯಾಚೆ ಈಜು ಕಲಿಯೋ ವೇಳೆ, ಈಗ ನೀರಲ್ಲೇ ಇದ್ದಾಳೆ."