ಕುಂಕುಮ ಒರೆಸಿದ ಕೇಬಲ್

‘೨’ ಎಂಬ ಚೀಟಿ ಇದ್ದ ಹಳದಿ ಕೇಬಲ್ ಎಳೆಯಲು ತಂತ್ರಜ್ಞ ಹಾಲೇಶ್ ಬೆರಳು ಬಿಗಿ ಮಾಡಿದಾಗಲೇ, ಕಸ ಗುಡಿಸುವ ಕರಿಯಣ್ಣ ಬಾಗಿಲಿಂದ ಕೂಗಿದ: “ತಡೀರಿ! ಆ ಚೀಟಿ ಅಂಟಿಸಿದ್ದು ನಾನು.”

ಬೆಳಗಿನಿಂದ ಕೂತಲ್ಲಿ ಕೂರಲಾರದೆ ಓಡಾಡುತ್ತಿದ್ದ ಅನುಪಮಾ ಗಕ್ಕನೆ ನಿಂತಳು. ಹಿರಿಯೂರಿನ ಈ ಡೇಟಾ ಸೆಂಟರಿನಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಿಂದ ಮಾಹಿತಿ ಕೂಡಿಡುವ ಡಿಸ್ಕುಗಳಿಗೆ ಎರಡು ಕೇಬಲ್ ದಾರಿ ಮಾಡಿದ್ದವಳು ಅವಳೇ. ಒಂದು ನಡೆಯುತ್ತಿರುವಾಗಲೇ ಇನ್ನೊಂದನ್ನು ಬಿಚ್ಚಿ ಹೊಸ ಡಿಸ್ಕು ಸೇರಿಸಬಹುದು. ಈಗ ಎರಡನೆಯದನ್ನು ನಿಲ್ಲಿಸಿಯಾಗಿತ್ತು. ಹೊಳಲ್ಕೆರೆ, ಹೊಸದುರ್ಗದ ಬ್ಯಾಂಕುಗಳಲ್ಲಿ ಸಾಲು ನಿಂತವರ ಕೆಲಸವೆಲ್ಲ ಒಂದನೆಯದರ ಮೇಲೇ ನಡೆಯುತ್ತಿತ್ತು.

“ಅದನ್ನ ಮುಟ್ರಿ ಅಂತ ನಿಮಗ್ಯಾರು ಹೇಳಿದ್ರು?”

“ನೀವೇ ಅಲ್ಲೇನ್ರಿ ಮೇಡಂ? ಆಯುಧಪೂಜೆ ಆದ್ಮೇಲೆ, ಪುಡಿ ಮಷೀನಿನ ಒಳಕ್ಕೆ ಹೋಗ್ತೈತೆ, ಕುಂಕುಮ ಒಂಚೂರೂ ಉಳೀಬಾರ್ದು ಅಂದ್ರಿ. ಒದ್ದೆ ಬಟ್ಟೇಲಿ ಒರೆಸ್ದೆ, ಎರಡೂ ಕೇಬಲ್ಲಿನ ಚೀಟಿ ಉದುರಿದ್ವು. ಬೈತೀರಂತ ಅಂದಾಜಿನ ಮೇಲೆ ಅಂಟಿಸ್ಬಿಟ್ಟೆ.”

ಕೈ ತೆಗೆಯಲೂ ಹೆದರಿ ಹಾಲೇಶ್ ಹಾಗೇ ನಿಂತಿದ್ದ. ಅನುಪಮಾ ಆ ಕೇಬಲ್ಲನ್ನು ಎರಡು ಬೆರಳ ನಡುವೆ ಹಿಡಿದು, ಕಟ್ಟಿನೊಳಗಿಂದ ಬಿಡಿಸಿಕೊಳ್ಳುತ್ತ ಆಚೆ ತುದಿಯವರೆಗೂ ಸವರುತ್ತ ಹೋದಳು. ತುದಿಯಲ್ಲಿ ಹಸಿರು ದೀಪ ಪಟಪಟ ಮಿನುಗುತ್ತಿತ್ತು. ಅದು ಕೆಲಸ ನಡೆಯುತ್ತಿದ್ದ ಒಂದನೆಯ ದಾರಿ.

“ಹಾಲೇಶ್, ಮೆಲ್ಲಗೆ ಕೈ ಬಿಡ್ರಿ.”

ತಪ್ಪು ಚೀಟಿಯನ್ನು ಕಿತ್ತಳು. ಹೊಸದು ಬರೆಯಲು ಪೆನ್ನು ತೆಗೆದವಳು, ಉದುರುವ ಚೀಟಿ ಸಾಕೆಂದು ಅದನ್ನು ಕೆಳಗಿಟ್ಟಳು.

“ಕರಿಯಣ್ಣ, ಕುಂಕುಮ ಐತಾ?”

ಅವನು ಅಳುಕುತ್ತ ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿದ. ಮಿನುಗುವ ದೀಪದಿಂದ ಒಂದು ಮಾರು ಈಚೆಗೆ, ಎಳೆಯಬಾರದೆಂಬ ಗುರುತಿಗೆ ಹಳದಿ ಕೇಬಲ್ಲಿನ ಮೇಲೆ ಅವಳೇ ಬೊಟ್ಟಿಟ್ಟಳು.