ಒಂಬತ್ತು ನಿಮಿಷದ ತಾಲೀಮು

ಹೃದ್ರೋಗ ವಿಭಾಗವನ್ನು ಹೊಸ ಕಟ್ಟಡದ ನಾಲ್ಕನೆಯ ಮಹಡಿಗೆ ಸಾಗಿಸುವ ಮುನ್ನ ಸಿಬ್ಬಂದಿಗೆ ಹತ್ತು ದಿನ ತಾಲೀಮು ನಡೆಯಿತು. ಎಚ್ಚರ ತಪ್ಪಿದ ರೋಗಿಯ ಪಾತ್ರ ಆಯಾ ನೀಲವ್ವನ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳಿಗೆ ಸಿಕ್ಕ ಮೊದಲ ಬಡ್ತಿ ಅದು.

ಅಧೀಕ್ಷಕರು ದಿನವೂ ಹೊಸ ವಾರ್ಡಿನ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಗಡಿಯಾರ ನೋಡುತ್ತ ಕಾಯುತ್ತಿದ್ದರು. ಮೊದಲ ದಿನ ಇಪ್ಪತ್ತು ನಿಮಿಷ ಹಿಡಿದ ಪ್ರಯಾಣ ಕೊನೆಯ ದಿನ ಒಂಬತ್ತಕ್ಕೆ ಇಳಿಯಿತು. ಟ್ರಾಲಿಯ ಮೇಲೆ ಏದುಸಿರು ಬಿಡುತ್ತ ಮಲಗಿದ್ದ ನೀಲವ್ವನನ್ನು ನೋಡಿ ಅವರು ಚಪ್ಪಾಳೆ ತಟ್ಟಿದರು.

"ಎಲ್ಲಾರೂ ನೋಡಿ ಕಲೀರಿ! ಥೇಟ್ ಹಾರ್ಟ್ ಪೇಷಂಟ್!"

"ಸಾಹೇಬ್ರ, ಒಂದ್ ಮಾತು ಹೇಳೋದಿತ್ರಿ..."

"ಎಚ್ಚರ ತಪ್ಪಿದವ್ರು ಮಾತಾಡ್ತಾರೇನು? ಸುಮ್ನ ಮಲ್ಕೋ ನೀಲವ್ವ."

ಅವಳು ವಿನಯದಿಂದ ಎಚ್ಚರ ತಪ್ಪಿದಳು.

ಸ್ಥಳಾಂತರದ ದಿನ ಅಧೀಕ್ಷಕರು ಪತ್ರಿಕೆಯವರನ್ನೂ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಒಂಬತ್ತು ನಿಮಿಷವಾಯಿತು, ಹತ್ತೊಂಬತ್ತಾಯಿತು, ಟ್ರಾಲಿಯ ಸುಳಿವಿಲ್ಲ. ಅವರು ಧಡಧಡನೆ ಕೆಳಗಿಳಿದು ಬಂದು ನೋಡಿದರೆ, ನಿಜವಾದ ರೋಗಿಯನ್ನು ಹೊತ್ತ ಟ್ರಾಲಿ ಲಿಫ್ಟಿನ ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು.

"ಹತ್ತು ದಿನ ಇದನ್ನ ಹೆಂಗ ಹಿಡಿಸಿದ್ರಿ?" ಎಂದು ಅವರು ಗುಡುಗಿದರು.

ಈ ದಿನ ಎಚ್ಚರವಾಗಿರಲು ಅಡ್ಡಿಯಿಲ್ಲದ ನೀಲವ್ವ ಮುಂದೆ ಬಂದಳು.

"ಟ್ರಾಲಿ ಎತ್ತಿ ನೆಟ್ಟಗ ನಿಲ್ಲಿಸಿ ಲಿಫ್ಟಿನ್ಯಾಗ ಕಳಸ್ತಿದ್ರು ಸಾಹೇಬ್ರ. ನಾ ನಾಕೂ ಮಾಳಿಗಿ ಮೆಟ್ಲ ಓಡಿ ಹತ್ತಿ, ಮ್ಯಾಲೆ ಮತ್ತ ಮಲ್ಕೋತಿದ್ದೆ."