ಕಿವಿಯ ವೇಗ

ಊರಲ್ಲಿ ಎಲ್ಲರದೂ ಯಂತ್ರದ ಕಿವಿಯೇ. ನಾಗವೇಣಮ್ಮನದು ಮಾತ್ರ ಅಗ್ಗದ್ದು, ಮಾತು ತಡವಾಗಿ ಮುಟ್ಟಿಸುವಂಥದ್ದು. ಪಾರಾಯಣದಲ್ಲಿ ಎಲ್ಲರೂ ಕಣ್ಣೊರೆಸಿಕೊಂಡ ಮೇಲೆ ಅವರಿಗೆ ಪದ್ಯ ಕೇಳಿಸುತ್ತಿತ್ತು. ಇದ್ದ ಕಿವಿಯ ಮದರ್‌ಬೋರ್ಡಿಗೇ ಹೊಸ ಫರ್ಮ್‌ವೇರ್ ಅಂದರೆ ಅದನ್ನು ನಡೆಸುವ ತಂತ್ರಾಂಶ ಹಾಕಿಸಿ ವೇಗ ಏರಿಸೋಣವೆಂದು ಗಂಡನ ಜೊತೆ ಅಂಗಡಿಗೆ ಬಂದರು.

"ನಡುವೆ ಕರೆಂಟ್ ಹೋದ್ರೆ ಕಿವಿ ಮತ್ತೆ ಏಳಲ್ಲ ಅಮ್ಮಾ," ಎಂದಳು ರಿಪೇರಿಯ ಸಬೀಹಾ.

"ಹಾಕಮ್ಮ, ದೇವರಿದ್ದಾನೆ."

ಕೇಬಲ್ ಸಿಕ್ಕಿಸಿದ್ದೇ ಆಕೆಗೆ ಲೋಕ ಮೌನವಾಯಿತು. ಗಂಡ ವಾಸುದೇವಯ್ಯ ಕರೆಂಟ್ ಹೋಗಿ ಅಂಗಡಿಯ ಫ್ಯಾನ್ ನಿಂತೀತೆಂಬ ಭಯದಲ್ಲಿ ಅದನ್ನೇ ನೋಡುತ್ತ ಕೂತರು. ಕೊನೆಗೆ ಹಸಿರು ದೀಪ ಹತ್ತಿತು. ಸಬೀಹಾ ವೇಗ ಏರಿಸಿ, ಕಾದ ಕಿವಿಯ ಹಿಂದೆ ಒದ್ದೆ ಬಟ್ಟೆ ಒತ್ತಿದಳು.

"ಹಟಮಾರಿ ಮುದುಕಿ," ಎಂದು ಗೊಣಗಿ ವಾಸುದೇವಯ್ಯ ಎದ್ದರು. ಆಕೆಗೆ ಕೇಳಿಸುವಷ್ಟರಲ್ಲಿ ಬಾಗಿಲು ದಾಟುವುದು ಅವರ ಹಳೆಯ ಅಭ್ಯಾಸ.

"ಯಾರ್ರೀ ಮುದುಕಿ?" ಗಂಡ ಹೆಜ್ಜೆ ಕೀಳುವ ಮೊದಲೇ ಕೇಳಿದರು ನಾಗವೇಣಮ್ಮ.

ಬೈಸಿಕೊಂಡದ್ದು ವಾಸುದೇವಯ್ಯನವರಿಗೆ ಎಂದೂ ಅಷ್ಟು ಹಿತವಾಗಿರಲಿಲ್ಲ. ಇನ್ನೂ ಬೈಯಲಿ ಎಂದು ಅಲ್ಲೇ ಕೂತುಬಿಟ್ಟರು.